ಮತ್ತೆ ಲೋಡ್ ಮಾಡಿ ಎಂದವನು ನಾನು

ನಿಮ್ಮ ಪ್ರೋಗ್ರಾಂ ಎಲ್ಲರೆದುರು ಕೈಕೊಡುತ್ತದೆಂದು ನನಗೆ ಗೊತ್ತಿತ್ತು, ನಾಗರತ್ನ ಮೇಡಂ. ಗೊತ್ತಿದ್ದೇ ನಿಮ್ಮನ್ನು ಮುಂದೆ ತಳ್ಳಿದೆ. ಇಷ್ಟು ವರ್ಷ ಅದನ್ನು ಮರೆವು ಎಂದುಕೊಂಡೆ, ಗಮನಿಸಲಿಲ್ಲ ಎಂದುಕೊಂಡೆ — ಅಲ್ಲ. ಅದು ಹೊಟ್ಟೆಕಿಚ್ಚು.

ಎಂಬತ್ತೆಂಟರಲ್ಲಿ ತೀರ್ಥಹಳ್ಳಿಯ ನಮ್ಮ ಕಾಲೇಜಿಗೆ ಒಂದೇ ಒಂದು ಕಂಪ್ಯೂಟರ್ ಬಂತು. ಗಣಿತ ಕಲಿಸುತ್ತಾ ಹದಿನೈದು ವರ್ಷ ಕಳೆದಿದ್ದ ನಾನು ಅದು ನನ್ನದೇ ಎಂದುಕೊಂಡಿದ್ದೆ. ನೀವು ಹೊಸನಗರದಿಂದ ಬಂದ ತಾತ್ಕಾಲಿಕ ಉಪನ್ಯಾಸಕಿ. ಎರಡೇ ತಿಂಗಳಲ್ಲಿ ಅದು ನಿಮ್ಮ ಮಾತು ಕೇಳತೊಡಗಿತು. ನಾನು ಲ್ಯಾಬಿಗೆ ಹೋದರೆ ಹುಡುಗಿಯರು ಬಾಗಿಲ ಕಡೆ ನೋಡುತ್ತಾ, "ನಾಗರತ್ನ ಮೇಡಂ ಬರಲ್ವಾ ಸಾರ್?" ಎನ್ನುತ್ತಿದ್ದರು. ಆ ಪ್ರಶ್ನೆ... ಈಗಲೂ ಚುಚ್ಚುತ್ತದೆ.

ವಿದ್ಯಾರ್ಥಿಗಳು ಕವಲೇದುರ್ಗದ ಗುಡ್ಡದಲ್ಲಿ ಗುರುತಿಸಿದ ಔಷಧಿ ಗಿಡಗಳ ವಿವರಕ್ಕೆಂದು ನೀವೊಂದು ಪ್ರೋಗ್ರಾಂ ಬರೆದಿರಿ. ಪ್ರೋಗ್ರಾಂ ನಡೆಯುತ್ತಿರುವಾಗಲೇ ತಿದ್ದಿ ಮುಂದುವರಿಸಬಹುದಾದ ಕಂಪ್ಯೂಟರ್ ಭಾಷೆಯಲ್ಲಿ ಬರೆದದ್ದು ಅದು. 'ಗಿಡ' ಎಂಬುದು ನೀವು ಮಾಡಿದ ಕ್ಲಾಸ್, ಅಂದರೆ ಒಂದು ಅಚ್ಚು. ಒಂದೆಲಗ, ಅಮೃತಬಳ್ಳಿ, ನೆಲನೆಲ್ಲಿ ಎಲ್ಲವೂ ಆ ಅಚ್ಚಿನಲ್ಲಿ ತಯಾರಾದವು.

ಆ ಭಾಷೆಯ ಮ್ಯಾನ್ಯುಯಲ್ ನನ್ನ ಮನೆಯಲ್ಲಿತ್ತು. ನೀವು ಎರಡು ಸಲ ಕೇಳಿದಿರಿ, "ಎಲ್ಲೋ ಇಟ್ಟಿದ್ದೀನಿ, ಸಿಗ್ತಿಲ್ಲ" ಎಂದೆ. ಓದಿ, ಲ್ಯಾಬಿನಲ್ಲಿ ಒಬ್ಬನೇ ಕೂತು ಮಾಡಿಯೂ ನೋಡಿದ್ದೆ. ತಿದ್ದಿದ ಪ್ರೋಗ್ರಾಂ ಮತ್ತೆ ಲೋಡ್ ಮಾಡಿದರೆ ಅದೇ ಹೆಸರಿನ ಇನ್ನೊಂದು ಕ್ಲಾಸ್ ಹುಟ್ಟುತ್ತದೆ. ಮೊದಲು ಸೇರಿಸಿದ ಗಿಡಗಳು ಹಳೆಯ ಕ್ಲಾಸಿಗೇ ಸೇರಿದವಾಗಿ ಉಳಿಯುತ್ತವೆ. ನಮಗೆ ಎರಡೂ 'ಗಿಡ'. ಯಂತ್ರಕ್ಕೆ ಬೇರೆ ಬೇರೆ.

ಕಂಪ್ಯೂಟರ್ ಕೋರ್ಸನ್ನು ಯಾರಿಗೆ ವಹಿಸಬೇಕೆಂದು ನೋಡಲು ಆಡಳಿತ ಮಂಡಳಿಯವರು ಬಂದರು. ಬೆಳಗಿನಿಂದ ನಲವತ್ತು ಗಿಡ ಸೇರಿಸಿದ್ದಿರಿ, ಫ್ಲಾಪಿಗಿನ್ನೂ ಹಾಕಿರಲಿಲ್ಲ. ಎಲ್ಲ ಚೆನ್ನಾಗಿಯೇ ನಡೆದಿತ್ತು. ಒಬ್ಬರು, "ಹೂ ಬಿಡೋ ತಿಂಗ್ಳನ್ನೂ ಸೇರಿಸ್ಬೋದಾ?" ಎಂದರು. ನಿಮ್ಮ ಮುಖ ಅರಳಿತು. "ಈಗ್ಲೇ ಸೇರಿಸ್ತೀನಿ ಸಾರ್." ಎರಡು ಸಾಲು ತಿದ್ದಿ, ನನ್ನ ಕಡೆ ತಿರುಗಿದಿರಿ —

"ಸಾರ್, ಮತ್ತೆ ಲೋಡ್ ಮಾಡಿದ್ರೆ ಮೊದ್ಲು ಸೇರಿಸಿದ್ದಕ್ಕೆ ಏನೂ ಆಗಲ್ಲ ಅಲ್ವಾ?"

"ಏನೂ ಆಗಲ್ಲ ಮೇಡಂ. ಧೈರ್ಯವಾಗಿ ಮತ್ತೆ ಲೋಡ್ ಮಾಡಿ."

ಮಾಡಿದಿರಿ. ಒಂದೆಲಗದ ವಿವರ ಕೇಳಿದಿರಿ. ಇದು ಗಿಡವಲ್ಲ ಎಂದು ಪರದೆಯ ಮೇಲೆ ಬಂತು. ಅಮೃತಬಳ್ಳಿಯೂ ಅಲ್ಲ. ನೆಲನೆಲ್ಲಿಯೂ ಅಲ್ಲ. "ಒಂದೆಲಗ ಗಿಡ ಅಲ್ವಂತೆ ಮಾರಾಯ್ರೆ, ಬರೀ ತಂಬುಳಿಯಂತೆ!" ಎಂದರು ಯಾರೋ. ಎಲ್ಲರೂ ನಕ್ಕರು. ನಾನೂ... ಹೌದು, ನಾನೂ.

ಎಲ್ಲ ಕೆಟ್ಟಿತೆಂದು ಹೆದರಿ ನೀವು ಸ್ವಿಚ್ಚಿನತ್ತ ಕೈ ಚಾಚಿದಿರಿ. ಏನೂ ಕೆಟ್ಟಿರಲಿಲ್ಲ. ಹಳೆಯದರಿಂದ ವಿವರ ತೆಗೆದು ಹೊಸ ಕ್ಲಾಸಿನಲ್ಲಿ ಗಿಡಗಳನ್ನು ಮತ್ತೆ ಮಾಡಿಕೊಂಡರೆ ಸಾಕಿತ್ತು. "ತಡೀರಿ" ಎಂಬ ಒಂದು ಮಾತು ನಾಲಿಗೆಯ ತುದಿಯಲ್ಲಿತ್ತು. ಆಡಲಿಲ್ಲ. ಪರದೆ ಕಪ್ಪಾಯಿತು, ಫ್ಲಾಪಿಗೆ ಹಾಕಿರದ ನಲವತ್ತು ಗಿಡಗಳೂ ಅದರೊಂದಿಗೇ ಅಳಿಸಿಹೋದವು.

ಕೋರ್ಸ್ ನನ್ನ ಕೈಗೆ ಬಂತು. ಮುಂದಿನ ವರ್ಷ ನಿಮ್ಮನ್ನು ಮುಂದುವರಿಸಲಿಲ್ಲ. ಮತ್ತೆ ಲೋಡ್ ಮಾಡಿದರೆ ಏನಾಗುತ್ತದೆಂಬ ಅದೇ ಸಂಗತಿಯನ್ನು ನಾನು ತರಗತಿಯಲ್ಲಿ ಬೋರ್ಡಿನ ಮೇಲೆ ಬರೆದು, ನಾನೇ ಕಂಡುಹಿಡಿದವನಂತೆ ಕಲಿಸಿದೆ. ಹುಡುಗಿಯರು ಬರೆದುಕೊಂಡರು. ಆಮೇಲೂ ಕೇಳಿದರು — ನಾಗರತ್ನ ಮೇಡಂ ಎಲ್ಲಿದ್ದಾರೆ ಸಾರ್?

ಮರುವರ್ಷ ಸಾಗರದ ಬಸ್ ನಿಲ್ದಾಣದಲ್ಲಿ ಸಿಕ್ಕಿದಿರಿ. ಅಲ್ಲಿನ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದಿರಿ. ಕಂಪ್ಯೂಟರ್ ಮುಟ್ಟುವುದನ್ನೇ ಬಿಟ್ಟಿದ್ದೀನಿ ಎಂದಿರಿ. "ಅವತ್ತು ನಾನೇ ಆತುರ ಬಿದ್ದೆ ಸಾರ್. ನೀವಾದ್ರೂ ಜೊತೆಗೆ ನಿಂತು ಧೈರ್ಯ ಹೇಳಿದ್ರಿ." ಆಗಲೇ ಹೇಳಬಹುದಿತ್ತು. ನಾನು ಆನಂದಪುರದ ಬಸ್ಸು ಬಂತೆಂದು ಹತ್ತಿಬಿಟ್ಟೆ. ಅದು ನಾನು ಹೋಗಬೇಕಾದ ಬಸ್ಸೂ ಆಗಿರಲಿಲ್ಲ.

ನಿಮ್ಮ ಪ್ರೋಗ್ರಾಂ ಸರಿಯಿತ್ತು, ತಪ್ಪು ದಾರಿ ತೋರಿಸಿದವನು ನಾನು ಎಂದು ಕಾಲೇಜಿಗೆ ಬರೆದು ಸಹಿ ಹಾಕಿ ಕೊಟ್ಟಿದ್ದೇನೆ. ಅದರ ಪ್ರತಿ ಈ ಪತ್ರದ ಜೊತೆಗಿದೆ. ಕ್ಷಮಿಸಿ ಎಂದು ಕೇಳುವುದಿಲ್ಲ. ಕೇಳಿದರೆ ನೀವು ಕ್ಷಮಿಸಿಬಿಡುತ್ತೀರಿ — ನಿಮ್ಮ ಸ್ವಭಾವ ನನಗೆ ಗೊತ್ತು. ಭಾನುವಾರ ಸಾಗರಕ್ಕೆ ಬಂದು ನಿಮ್ಮ ಬಾಗಿಲಲ್ಲಿ ನಿಲ್ಲುತ್ತೇನೆ. ತೆರೆಯುವುದೂ ಬಿಡುವುದೂ ನಿಮಗೆ ಬಿಟ್ಟಿದ್ದು.