ಓಟ ಮುಗಿಯುವ ಮುನ್ನ ಹೊದಿಸಿದ ಶಾಲು

ಸನ್ಮಾನದ ಶಾಲು ಕಂಡರೆ ನನಗೆ ಇವತ್ತಿಗೂ ವಾಕರಿಕೆ ಬರುತ್ತದೆ. ಆ ಜರಿ ಅಂಚು, ಆ ಪ್ಲಾಸ್ಟಿಕ್ ಕವರಿನ ವಾಸನೆ, ಹೊದಿಸುವಾಗ ಕ್ಯಾಮೆರಾ ಹುಡುಕುವ ಕಣ್ಣುಗಳು. ಇದಕ್ಕೆಲ್ಲ ಕಾರಣ ತೊಂಬತ್ತರ ದಶಕದ ನಡುವಿನ ಒಂದು ಶುಕ್ರವಾರ.

ನಾನಾಗ ಬಹ್ರೇನಿನ ಈಸಾ ಟೌನಿನ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದೆ. ಮನೆ ಮಾಹೂಝಿನಲ್ಲಿ, ಗಂಡನಿಗೆ ಸಿತ್ರಾದಲ್ಲಿ ಶಿಫ್ಟ್ ಕೆಲಸ. ಆ ವರ್ಷ ಅಲ್ಲಿ ಅಂತರರಾಷ್ಟ್ರೀಯ ಟ್ರಯಥ್ಲಾನ್ ಚಾಂಪಿಯನ್‌ಶಿಪ್ ನಡೆಯಿತು. ಮೊದಲು ಸಮುದ್ರದಲ್ಲಿ ಈಜು, ಆಮೇಲೆ ಸೈಕಲ್, ಕೊನೆಗೆ ಓಟ, ನಡುವೆ ವಿಶ್ರಾಂತಿ ಎಂಬುದಿಲ್ಲ. ನನ್ನಂಥ ಹವ್ಯಾಸಿಗಳಿಗೂ ಅದರಲ್ಲಿ ಜಾಗವಿತ್ತು. ಗೆಲ್ಲುವ ಭ್ರಮೆ ನನಗೆ ಇರಲಿಲ್ಲ. ಎರಡು ಹೆತ್ತ ಮೈ ಮೂರನ್ನೂ ಮುಗಿಸಿ ಕೊನೆಯ ಗೆರೆ ದಾಟಬೇಕು, ಇಷ್ಟೇ ಆಸೆ. ಆದರೆ ಆ ಆಸೆ ಹಟವಾಗಿ ಬೆಳೆದಿತ್ತು.

ಅಭ್ಯಾಸದ ದಿನಗಳೂ ಚಂದವಿರಲಿಲ್ಲ. ದಡದ ನೀರು ಆರಿದ ಗಂಜಿತಿಳಿಯ ಹಾಗೆ ಬೆಚ್ಚಗೆ, ಮಂದವಾಗಿರುತ್ತಿತ್ತು. ಮೇಲೆ ಎಣ್ಣೆಯ ಪದರ. ಬಾಯಿಗೆ ಹೋದರೆ ದಿನವಿಡೀ ಅನ್ನಕ್ಕೂ ಡೀಸೆಲ್ ರುಚಿ. ಅದನ್ನು ಬೇಕಾದರೆ ಉಗುಳಬಹುದಿತ್ತು, ನಮ್ಮವರ ನಾಲಿಗೆಯನ್ನು ಏನು ಮಾಡುವುದು? ನಮ್ಮ ಕರಾವಳಿಯವರ ಸಂಘದ ಯಾವ ಪೂಜೆಗೆ ಹೋದರೂ ಹೆಂಗಸರ ಸಾಲಿನಲ್ಲಿ ಅದೇ ಮಾತು: "ಮಕ್ಕಳ ಅಮ್ಮ ಚಡ್ಡಿ ಹಾಕಿ ಸೈಕಲ್ ಬಿಡುವುದಂತೆ, ಕೇಳಿದ್ರಾ?" ಹಾಗೆ ಅತಿ ಹೆಚ್ಚು ಕೇಳುತ್ತಿದ್ದವರು ಸಂಘದ ಅಧ್ಯಕ್ಷರ ಹೆಂಡತಿ.

ಆಮೇಲೆ ಪತ್ರಿಕೆಯಲ್ಲಿ ಸ್ಪರ್ಧಿಗಳ ಹೆಸರು ಬಂತು. ಮರುದಿನವೇ ನಾನು ಊರಿನ ಹೆಮ್ಮೆಯಾಗಿಬಿಟ್ಟೆ. ಅಧ್ಯಕ್ಷರು ಸಿಹಿ ಹಿಡಿದು ಮನೆಗೆ ಬಂದರು.

"ಟೀಚರೇ, ನಿಮಗೆ ಸನ್ಮಾನ ಮಾಡುವುದು ಅಂತ ಕಮಿಟಿಯಲ್ಲಿ ಪಾಸಾಗಿದೆ."

"ಎಲ್ಲ ಮುಗಿದ ಮೇಲೆ ಮಾಡಿ. ನಡುವಲ್ಲಿ ಯಾರೂ ಹತ್ತಿರ ಬರಬಾರದು. ಹೊರಗಿನವರ ಕೈಯಿಂದ ನೀರು ತಗೊಂಡ್ರೂ ನನ್ನನ್ನು ಹೊರಗೆ ಹಾಕ್ತಾರೆ," ಎಂದೆ.

"ಛೇ, ನಮಗೆ ಅಷ್ಟೂ ಗೊತ್ತಾಗುದಿಲ್ವಾ?" ಎಂದರು.

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರು ಎನ್ನುತ್ತಾರಲ್ಲ, ಹೊಲಿಸಿದ್ದಷ್ಟೇ ಅಲ್ಲ, ಇವರು ತೊಡಿಸಲಿಕ್ಕೂ ಬಂದರು.

ಆ ದಿನ ಈಜು ಮುಗಿಸಿದೆ. ಅಂಬಲಿ ಮೀನು, ಅದೇ ಜೆಲ್ಲಿಫಿಶ್, ತಾಗಿ ತೋಳು ಉರಿಯುತ್ತಿತ್ತು. ಸೈಕಲ್ಲಿನಲ್ಲಿ ಬಿಸಿಗಾಳಿಗೆ ಹಲ್ಲಿನ ಸಂದಿಯಲ್ಲೆಲ್ಲ ಮರಳು. ಓಟದಲ್ಲಿ ಎರಡು ಸಲ ವಾಂತಿಯಾಯಿತು, ಒರೆಸಿಕೊಂಡು ಓಡಿದೆ. ಕೊನೆಯ ತಿರುವು ದಾಟಿದಾಗ ದೂರದಲ್ಲಿ ಮುಕ್ತಾಯದ ಕಮಾನು ಕಂಡಿತು. ಅಳು ಬಂತು. ಕಾಲು ಇನ್ನೂ ಮಾತು ಕೇಳುತ್ತಿತ್ತು, ಉಳಿದದ್ದು ಅಷ್ಟೇ ದಾರಿ.

ದಾರಿಗೆ ಅಡ್ಡವಾಗಿ ನಮ್ಮ ಸಂಘದ ಬ್ಯಾನರ್ ನಿಂತಿತ್ತು.

ಅದರ ಮುಂದೆ ಅಧ್ಯಕ್ಷರು, ಸೂಟು ತೊಟ್ಟ ಮುಖ್ಯ ಅತಿಥಿ, ಹಣ್ಣಿನ ಬುಟ್ಟಿ, ಕೈಮೈಕು. ಪ್ರಾರ್ಥನೆ ಹಾಡಲು ರೇಷ್ಮೆ ಲಂಗದ ಹುಡುಗಿ ಬೇರೆ. ನಾನು ಎರಡೂ ಕೈ ಬೀಸಿ "ಬೇಡ, ಬೇಡ, ಬಿಡಿ" ಎಂದು ಕಿರುಚಿದೆ. ಅವರು ನನಗೆ ಕೈ ಬೀಸಿದರು.

"ಟೀಚರೇ, ಒಂದೇ ನಿಮಿಷ! ಅತಿಥಿಗಳಿಗೆ ಬೇರೆ ಕಾರ್ಯಕ್ರಮಕ್ಕೆ ಹೋಗ್ಲಿಕ್ಕುಂಟು. ಪ್ರಾರ್ಥನೆ ಬಿಡುವ, ನೇರ ಶಾಲು ಹೊದಿಸುವ!"

ಬದಿಯಿಂದ ನುಸುಳಲು ನೋಡಿದೆ. ಅಧ್ಯಕ್ಷರ ಹೆಂಡತಿ ತೋಳು ಹಿಡಿದರು. ಅಂಬಲಿ ಮೀನು ತಾಗಿದ್ದ ಅದೇ ತೋಳು. ಶಾಲು ಹೆಗಲಿಗೆ ಬಿತ್ತು. ಜರಿ ಸುಟ್ಟ ಚರ್ಮವನ್ನು ಗೀರಿತು. ವಿಮಾನದಲ್ಲಿ ಬಂದ ಮಲ್ಲಿಗೆಯ ಹಾರ ಬೆವರಿಗೆ ಅಂಟಿಕೊಂಡಿತು. ವಾಂತಿಯ ವಾಸನೆ, ಮಲ್ಲಿಗೆಯ ವಾಸನೆ, ಅತಿಥಿಯ ಅತ್ತರು, ಎಲ್ಲ ಒಟ್ಟಿಗೆ ಮೂಗಿಗೆ ಹೊಡೆಯಿತು. ಆಕೆ ಶಾಲಿನ ಎರಡೂ ಅಂಚನ್ನು ನನ್ನ ಕೊರಳ ಹತ್ತಿರ ಬಿಗಿಯಾಗಿ ಹಿಡಿದು ಕಿವಿಯಲ್ಲಿ ಹೇಳಿದರು: "ಸ್ವಲ್ಪ ಮುಚ್ಚಿಕೊಳ್ಳಿ ಮಾರಾಯ್ರೇ, ಫೋಟೋದಲ್ಲಿ ಎಲ್ಲ ಕಾಣ್ತದೆ."

ಫ್ಲ್ಯಾಶ್ ಬೆಳಗಿತು. ಅದರ ಹಿಂದೆಯೇ ಸೀಟಿ ಊದುತ್ತ ಅಧಿಕಾರಿ ಬಂದ. ಬ್ಯಾನರ್, ಬುಟ್ಟಿ, ನನ್ನನ್ನು ನೋಡಿದ. ಹೊರಗಿನವರ ಸಹಾಯ ಪಡೆದಿದ್ದೀರಿ ಎಂದು ಇಂಗ್ಲಿಷಿನಲ್ಲಿ ಹೇಳಿ, ನನ್ನ ನಂಬರನ್ನು ಪಟ್ಟಿಯಿಂದ ಹೊಡೆದುಹಾಕಿ, ದಾರಿ ಬಿಡಿ ಎಂದ. ಸಹಾಯ! ಆ ಪದ ಕೇಳಿ ನನಗೆ ನಗು ಬಂತು, ನಕ್ಕರೆ ಮತ್ತೆ ವಾಂತಿಯಾಗುತ್ತಿತ್ತು.

"ಸಾಬ್, ಯೇ ಹಮಾರಾ ಸಂಪ್ರದಾಯ್ ಹೈ," ಎಂದು ಅಧ್ಯಕ್ಷರು ವಾದಿಸಿದರು. ಅವನಿಗೆ ಹಿಂದಿ ಬರುತ್ತಿರಲಿಲ್ಲ. ನನ್ನ ಹಿಂದಿದ್ದವರೆಲ್ಲ ಬ್ಯಾನರಿನ ಬದಿಯಿಂದ ಓಡಿಹೋದರು.

"ಹೋಗ್ಲಿ ಬಿಡಿ ಟೀಚರೇ, ಹೇಗೂ ನಿಮಗೆ ಫಸ್ಟ್ ಬರ್ಲಿಕ್ಕೆ ಇರ್ಲಿಲ್ಲಲ್ಲ," ಎಂದು ಸಮಾಧಾನ ಹೇಳಿದರು ಅಧ್ಯಕ್ಷರು.

ಅವರ ಮೇಲೆ ಬುಟ್ಟಿ ಎಸೆಯಬೇಕಿತ್ತು. ಎಸೆಯಲಿಲ್ಲ, ಕೈಯಲ್ಲಿ ಶಕ್ತಿ ಇರಲಿಲ್ಲ. ನೆರಳಿಗೆ ಹೋಗಿ ಕುಳಿತೆ. ಕೊನೆಯ ಸ್ಪರ್ಧಿ ಗೆರೆ ದಾಟುವವರೆಗೂ ಅಲ್ಲೇ ಇದ್ದೆ. ಬೇರೆ ಕಾರ್ಯಕ್ರಮಕ್ಕೆ ಹೊರಟಿದ್ದ ಮುಖ್ಯ ಅತಿಥಿಯೂ ಇದ್ದರು, ಡೇರೆಯಲ್ಲಿ ಕೂತು ಇಡ್ಲಿ ತಿನ್ನುತ್ತಿದ್ದರು.

ಫೋಟೋ ಸಂಘದ ಸ್ಮರಣ ಸಂಚಿಕೆಯಲ್ಲಿ ಬಂತು. ಗಲ್ಲದವರೆಗೆ ಶಾಲು, ಅದರ ಮೇಲೆ ನನ್ನ ಮುಖ, ಕೆಳಗೆ 'ಟ್ರಯಥ್ಲಾನ್ ವಿಜೇತೆ' ಎಂಬ ಸಾಲು. ಊರಿಗೂ ಒಂದು ಪ್ರತಿ ಹೋಯಿತು. ಅಮ್ಮ ಫೋನಿನಲ್ಲಿ ಕೇಳಿದರು: "ಮುಖ ಎಂತಕ್ಕೆ ಹಾಗೆ ಮಾಡಿದ್ದೀ? ಸನ್ಮಾನ ಮಾಡುವಾಗ ಚೂರು ನಗಬಾರದಾ?" ನಾನು ಲೈನ್ ಸರಿಯಿಲ್ಲ ಎಂದು ಇಟ್ಟುಬಿಟ್ಟೆ.

ಶಾಲನ್ನು ಗಂಡ ಹರಿದು ಸೈಕಲ್ಲಿನ ಚೈನು ಒರೆಸಲು ಕೊಟ್ಟರು. ಅಷ್ಟು ಕಳಪೆ ನೇಯ್ಗೆ, ಗ್ರೀಸನ್ನೂ ಹೀರುತ್ತಿರಲಿಲ್ಲ.

ಮುಂದಿನ ವರ್ಷ ಅಲ್ಲೇ ಒಂದು ಸಣ್ಣ ಸ್ಪರ್ಧೆಯಾಯಿತು. ಗಂಡನ ಹೊರತು ಯಾರಿಗೂ ಹೇಳಲಿಲ್ಲ, ಅವರಿಗೂ ಅಂದು ಶಿಫ್ಟ್ ಇತ್ತು. ಈಜಿದೆ, ಸೈಕಲ್ ತುಳಿದೆ, ಓಡಿದೆ. ಆ ತಿರುವಿನಲ್ಲಿ ಕಣ್ಣು ಬ್ಯಾನರ್ ಹುಡುಕಿತು, ದಾರಿ ಖಾಲಿಯಿತ್ತು. ಗೆರೆ ದಾಟಿದೆ. ಸ್ವಯಂಸೇವಕಿಯೊಬ್ಬಳು ನಗುತ್ತ ಬಂದು ನನ್ನ ಹೆಗಲಿಗೆ ಟವೆಲ್ ಹೊದಿಸಲು ಕೈ ಚಾಚಿದಳು. ನಾನು ಹಾರಿ ಹಿಂದೆ ಸರಿದು, ಅಲ್ಲಿ ಯಾರಿಗೂ ಅರ್ಥವಾಗದ ಕನ್ನಡದಲ್ಲಿ, "ಮುಟ್ಟಬೇಡ!" ಎಂದು ಕಿರುಚಿದೆ.