ಮಾರ್ಥಾಬಾಯಿಯ ತಯಾರಿ

ಮಾರ್ಥಾಬಾಯಿಯ ಕ್ರಿಸ್ಮಸ್ಸು ನಾಗರಪಂಚಮಿಯ ಮರುದಿನ ಶುರುವಾಗುತ್ತಿತ್ತು. ಊರಿನ ಮಿಕ್ಕವರೆಲ್ಲ ಜೋಕಾಲಿ ಬಿಚ್ಚುವ ಹೊತ್ತಿಗೆ ಆಕೆ ಒಂದು ಡಬ್ಬಿಯ ಮುಚ್ಚಳ ತೆಗೆದು, ರೇಷನ್ ಸಕ್ಕರೆಯಿಂದ ಒಂದು ಹಿಡಿ ಅದರೊಳಗೆ ಸುರಿದು, ಮುಚ್ಚಳದ ಮೇಲೆ ಬಟ್ಟೆ ಬಿಗಿದು ಅಟ್ಟಕ್ಕೆ ಏರಿಸುತ್ತಿದ್ದಳು. ನಾನು ಆಕೆಯ ಮನೆಯ ಪಕ್ಕದ ಕೋಣೆಗೆ ಬಾಡಿಗೆಗೆ ಬಂದು ಎರಡೇ ತಿಂಗಳಾಗಿತ್ತು. "ಇದೇನ್ರಿ ಮಾರ್ಥಾಬಾಯಿ, ಇರುವೆಗೆ ಹೆದರಿ ಸಕ್ಕರೆ ಮ್ಯಾಲ ಇಡ್ಲತ್ತೀರೇನು?" ಎಂದು ಕೇಳಿದೆ.

"ಇರುವಿಗಿ ಅಲ್ರಿ ಟೀಚರ್, ನನಗ ನಾ ಅಂಜಿ ಇಡ್ಲತ್ತೀನಿ. ಡಿಸೆಂಬರಿಗಿ ಬೇಕಲ್ಲ."

"ಇದು ಆಗಸ್ಟ್."

"ಹೌದಲ್ಲ. ಬಸ್ ಹೊಂಟ ಮ್ಯಾಲ ಬುತ್ತಿ ಕಟ್ಟಿದ್ರ ಡ್ರೈವರ್ ನಿಂದ್ರತಾನೇನ್ರಿ?"

ಭಾಲ್ಕಿಯ ಸ್ಟೇಷನ್ನಿನ ಹಿಂದೆ ಒಂಬತ್ತು ಮನೆಗಳ ಒಂದು ಓಣಿ. ಎಲ್ಲವೂ ಕ್ರೈಸ್ತರ ಮನೆಗಳು. ನಡುವಿನದು ಮಾರ್ಥಾಬಾಯಿಯದು. ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದ ಗಂಡ ತೀರಿಕೊಂಡ ಮೇಲೆ ಆಕೆ ಹೆಣ್ಣುಮಕ್ಕಳ ಒಂದು ಬೋರ್ಡಿಂಗಿನಲ್ಲಿ ಅಡುಗೆ ಮಾಡಿ ಬದುಕು ಸಾಗಿಸಿದ್ದಳು. ಮಕ್ಕಳಿರಲಿಲ್ಲ. ದಿನಕ್ಕೆ ಎರಡು ಸಲ ಅರವತ್ತು ತಟ್ಟೆ ತುಂಬಿಸಿ ತುಂಬಿಸಿ, ನಾಳೆಯ ಚಿಂತೆಯನ್ನು ಇಂದೇ ಮುಗಿಸುವ ಚಟ ಆಕೆಗೆ ಅಂಟಿಕೊಂಡಿತ್ತು. ಗಿಡ್ಡ ಆಳು, ದೊಡ್ಡ ದನಿ. ಮಾತಾಡುವಾಗ ಸೆರಗಿನ ತುದಿಯಿಂದ ಎದುರಿಗಿದ್ದ ಯಾವುದಾದರೂ ವಸ್ತುವನ್ನು ಒರೆಸುತ್ತಲೇ ಇರುತ್ತಿದ್ದಳು. ಏನೂ ಸಿಗದಿದ್ದರೆ ನನ್ನ ಕನ್ನಡಕ ಕಿತ್ತುಕೊಂಡು ಒರೆಸುವಳು.

ನಮ್ಮದು ಬೀದರ್ ಶಹರ. ಬುದ್ಧ ವಿಹಾರಕ್ಕೆ ಹೋಗುವ ಮನೆತನ. ಕ್ರಿಸ್ಮಸ್ಸನ್ನು ನಾನು ದೂರದಿಂದ, ಕಂಪೌಂಡಿನ ಆಚೆ ನಿಂತು ನೋಡಿದ್ದೆನೇ ಹೊರತು ಅದರ ಅಡುಗೆಮನೆ ನೋಡಿರಲಿಲ್ಲ. ನನಗೋ ಹುಟ್ಟಿನಿಂದಲೇ ಕೇಳುವ ರೋಗ. ಯಾಕೆ, ಹೇಗೆ, ಯಾರಿಗೆ ಎಂದು ತಿಳಿಯದೆ ತಿಂದ ಅನ್ನ ಅರಗುವುದಿಲ್ಲ. "ನಿನ್ನ ಸಾಲಿಗಿ ಕಳಿಸೂದ್ಕಿಂತ ಸಿ.ಐ.ಡಿ.ಗಿ ಕಳಿಸಬೇಕಿತ್ತು" ಎಂದು ನಮ್ಮವ್ವ ಬೈಯುತ್ತಿದ್ದಳು. ಮಾರ್ಥಾಬಾಯಿ ಮಾತ್ರ ನನ್ನ ಪ್ರಶ್ನೆಗಳಿಗೆ ಬೇಸರಪಟ್ಟವಳಲ್ಲ. ಒಂದನ್ನು ಬಿಟ್ಟು.

ಅದು ಆ ದೊಡ್ಡ ಬರದ ವರ್ಷ. ರೇಷನ್ನಿನಲ್ಲಿ ಬರುತ್ತಿದ್ದುದು ಹೊರದೇಶದ ಕೆಂಪು ಜೋಳ. ರೊಟ್ಟಿ ಬಡಿದರೆ ಅಂಚು ಒಡೆಯುತ್ತಿತ್ತು. ಬಾವಿಗಳ ತಳದಲ್ಲಿ ಮಕ್ಕಳು ಗೋಲಿ ಆಡುತ್ತಿದ್ದರು. ಓಣಿಯವರಿಗೆ ನೀರೆಂದರೆ ಸ್ಟೇಷನ್ನಿನಲ್ಲಿ ಇಂಜಿನ್ನಿಗೆ ನೀರು ತುಂಬಿಸುವ ಕಂಬ. ಗಾಡಿ ಬಂದು ಹೋದಮೇಲೆ ಅದು ಸೋರುವುದನ್ನು ಹೆಂಗಸರು ಪಾಳಿ ಹಚ್ಚಿ ಕೊಡಗಳಿಗೆ ಹಿಡಿಯುತ್ತಿದ್ದರು. ಹಾಗೆ ತಂದ ನೀರಿನಲ್ಲಿ ದಿನಕ್ಕೊಂದು ಚೆಂಬು ಎತ್ತಿಟ್ಟು ಮಾರ್ಥಾಬಾಯಿ ಹಿತ್ತಲಲ್ಲಿ ಕೊಡ ತುಂಬಿಸತೊಡಗಿದಳು. ಸುಣ್ಣದ ಕಲ್ಲು ನೆನೆಹಾಕಲು. ಸುಣ್ಣ ನೆನೆದಷ್ಟೂ ಗೋಡೆ ಬೆಳ್ಳಗೆ ಹಿಡಿಯುತ್ತದೆ ಎನ್ನುವುದು ಆಕೆಯ ಸಿದ್ಧಾಂತ.

ಎದುರು ಮನೆಯಲ್ಲಿ ಆಕೆಯ ಮೈದುನ, ಮೈದುನನ ಹೆಂಡತಿ ಸುನಂದಾ, ಅವರ ಆರು ತಿಂಗಳ ಕೂಸು ಇದ್ದರು. ಸುನಂದಾ ಬೀದರಿನವಳು, ನನಗಿಂತ ಎರಡು ವರ್ಷಕ್ಕೆ ಚಿಕ್ಕವಳು. ಸಂಜೆ ಕಟ್ಟೆಯ ಮೇಲೆ ಕೂತು ತವರಿನ ಸುದ್ದಿ ಕೇಳುವಳು. ದಸರಾ ಸೂಟಿಗೆ ನಾನು ಊರಿಗೆ ಹೋಗಿ ಬರುವಷ್ಟರಲ್ಲಿ ಆ ಮನೆಗೆ ಕೀಲಿ ಬಿದ್ದಿತ್ತು.

"ಸುನಂದಾ ಎಲ್ಲಿ?"

"ಹೈದರಾಬಾದಿಗಿ ಹೋದ್ರಿ. ಕಟ್ಟಡದ ಕೆಲಸಕ್ಕ," ಎಂದು ಮಾರ್ಥಾಬಾಯಿ ನನ್ನ ಕನ್ನಡಕ ಕಿತ್ತುಕೊಂಡಳು.

ದೀಪಾವಳಿ ಮುಗಿಯಿತು. ಹಿಂಗಾರಿ ಜೋಳ ಮೊಳಕೆಯಲ್ಲೇ ಸುಟ್ಟುಹೋಯಿತು. ಓಣಿಯ ಮತ್ತೆ ನಾಲ್ಕು ಮನೆಯವರು ಹಾಸಿಗೆ ಸುತ್ತಿಕೊಂಡು ಹೈದರಾಬಾದಿನ ಗಾಡಿ ಹತ್ತಿದರು. ಹೋಗುವಾಗ ಪ್ರತಿಯೊಬ್ಬರೂ ಮಾರ್ಥಾಬಾಯಿಯ ಕೈಗೆ ಕೀಲಿಕೈ ಕೊಟ್ಟು ಹೋದರು. ಆಕೆ ಅವನ್ನು ಒಂದು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡಳು. ನಾನು ಎಣಿಸಿದೆ. ನಾಲ್ಕೇ ಇದ್ದವು.

"ಸುನಂದಾಳ ಮನೆದು?"

"ಕಳದದರಿ," ಎಂದಳು. ಮಾರ್ಥಾಬಾಯಿ ಒಂದು ಸೂಜಿಯನ್ನೂ ಕಳೆದುಕೊಂಡವಳಲ್ಲ. ಸುಳ್ಳು ಎಂದು ಗೊತ್ತಾಯಿತು, ಆದರೆ ಮುಂದೆ ಕೇಳಲು ಬಾಯಿ ಬರಲಿಲ್ಲ.

ಡಿಸೆಂಬರಿನ ಮೊದಲ ವಾರದಲ್ಲಿ ಆಕೆ ಆ ನಾಲ್ಕು ಮನೆಗಳ ಕೀಲಿ ತೆಗೆದಳು. ಗುಡಿಸಿದಳು, ಜೇಡರಬಲೆ ತೆಗೆದಳು, ನೆಲ ಸಾರಿಸಿದಳು. ತಿಂಗಳುಗಟ್ಟಲೆ ನೆನೆದ ಸುಣ್ಣಕ್ಕೆ ಚಿಟಿಕೆ ನೀಲಿ ಬೆರೆಸಿ ಗೋಡೆಗೆ ಬಳಿದಳು. ಶಾಲೆ ಬಿಟ್ಟ ಮೇಲೆ ನಾನೂ ಕುಂಚ ಹಿಡಿದೆ. ಸುನಂದಾಳ ಮನೆಯ ಒಳಗೆ ಹೋಗುವಂತಿರಲಿಲ್ಲವಲ್ಲ, ಹೊರಗೋಡೆಗಷ್ಟೇ ಬಳಿದಳು. ಮಿಕ್ಕ ಮನೆಗಳಿಗೆ ಒಂದು ಕೈ ಬಳಿದರೆ ಇದಕ್ಕೆ ಮೂರು ಕೈ.

"ಮಾರ್ಥಾಬಾಯಿ, ಮನೆಯಲ್ಲಿ ಜನನೇ ಇಲ್ಲ. ಈ ಸುಣ್ಣ ಯಾರಿಗೆ?"

"ಕ್ಯಾರಲ್ ಪಾರ್ಟಿ ಬರ್ತದಲ್ರಿ. ಕೀಲಿ ಹಾಕಿದ ಮನಿ ದಾಟಿ ಹೋಗ್ತಾರ. ಒಂದು ವರ್ಷ ಮನಿ ಮುಂದ ಹಾಡು ಆಗ್ಲಿಲ್ಲ ಅಂದ್ರ ಅದು ಮನಿ ಅನ್ನಿಸ್ಕೋತದೇನು? ನಾಳೆ ಅವರು ಬಂದು, ನಮ್ಮ ಮನಿಗಿ ಯಾರು ಬಂದಿದ್ರು ಅಂತ ಕೇಳಿದ್ರ ನಾ ಏನ್ ಹೇಳ್ಲಿ?"

ಕ್ರಿಸ್ಮಸ್ಸಿನ ಮೊದಲು ಹಾಡುವವರ ಗುಂಪು ಡೋಲಕಿ, ತಾಳ ಹಿಡಿದು ಮನೆಮನೆಗೆ ಬರುತ್ತದೆ. ಮನೆಯವರು ಬಾಗಿಲು ತೆರೆದು ಏನಾದರೂ ತಿನ್ನಲು ಕೊಡುತ್ತಾರೆ. ಇಷ್ಟು ನನಗೆ ಗೊತ್ತಿತ್ತು. ಪ್ರತಿ ಮನೆಗೂ ಅದರದೇ ಒಂದು ತಿನಿಸು ಎಂಬುದು ಗೊತ್ತಿರಲಿಲ್ಲ. ಊರು ಬಿಟ್ಟ ಆ ನಾಲ್ಕರಲ್ಲಿ ಪ್ರೇಮದಾಸನ ಮನೆಯದು ಅವಲಕ್ಕಿಯ ಚೂಡಾ. ಲಲಿತಮ್ಮನದು ಕರ್ಚಿಕಾಯಿ. ಮುದುಕ ಯಾಕೋಬಪ್ಪನದು ಶೇಂಗಾ ಬೆಲ್ಲ. ರತ್ನಾಬಾಯಿಯದು ಶುಂಠಿ ಹಾಕಿದ ಚಾ ಮಾತ್ರ, ಆದರೆ ಎಷ್ಟು ಬೇಕಾದರೂ. ಬರವಿರಲಿ, ಏನೇ ಇರಲಿ, ಇದು ಬದಲಾಗಕೂಡದು. ಅಟ್ಟದ ಮೇಲಿನ ಸಕ್ಕರೆ ಯಾಕೆಂದು ನನಗೆ ಆಗ ತಿಳಿಯಿತು.

ಸುನಂದಾಳದು ನಾನಖಟಾಯಿ. ಅದು ಬಿಸ್ಕತ್ತಿನ ಜಾತಿ, ಒಲೆಯ ಮೇಲೆ ಆಗುವ ತಿನಿಸಲ್ಲ. ಒಂದು ರವಿವಾರ ಮಾರ್ಥಾಬಾಯಿ ಹಿಟ್ಟು, ಡಾಲ್ಡಾ, ಸಕ್ಕರೆ ಡಬ್ಬಿಗೆ ತುಂಬಿಕೊಂಡು ನನ್ನ ಜೊತೆ ಬೀದರಿನ ಬಸ್ಸು ಹತ್ತಿದಳು. ನಮ್ಮಲ್ಲಿ ಜನ ಸಾಮಾನು ತಾವೇ ಒಯ್ದು ಬೇಕರಿಯ ಭಟ್ಟಿಯಲ್ಲಿ ಬೇಯಿಸಿಕೊಂಡು ಬರುವುದು ರೂಢಿ. ಭಟ್ಟಿಯ ಮುದುಕನನ್ನು ಎಲ್ಲರೂ ಚಾಚಾ ಎನ್ನುತ್ತಿದ್ದರು. ಆತ ಡಬ್ಬಿ ನೋಡಿ ನಕ್ಕ. ಕ್ರಿಸ್ಮಸ್ಸನ್ನು ಆತ ಬಡಾದಿನ ಎನ್ನುತ್ತಿದ್ದ.

"ಬಡಾದಿನಕ್ಕ ಇನ್ನಾ ಬಹಳ ದಿನ ಅದಾವಲ್ಲ ಬಾಯಿ, ಇಷ್ಟ್ಯಾಕ ಜಲ್ದಿ?"

"ಆಮ್ಯಾಲ ನಿನ್ನ ಭಟ್ಟಿ ಮುಂದ ಪಾಳಿ ಹತ್ತತದ ಚಾಚಾ. ಆಗ ನನ್ನ ತಗಡು ಯಾರು ಕೇಳ್ತಾರ?"

ತಗಡಿನ ಮೇಲೆ ಉಂಡೆ ಇಡುವಾಗ ಆಕೆಗೆ ಅಳತೆ ಸಿಗಲಿಲ್ಲ. ಅರವತ್ತು ಜನಕ್ಕೆ ಅಡುಗೆ ಮಾಡಿದ ಕೈ. ಎರಡು ಸಲ ಅಳಿಸಿ ಮತ್ತೆ ಕಟ್ಟಿದಳು. "ಆಕಿ ಸಣ್ಣ ಸಣ್ಣ ಮಾಡ್ತಾಳ. ನಂದು ದೊಡ್ಡದಾಗ್ಲತ್ತಾವ," ಎಂದಳು. ಕೀಲಿಕೈಯೇ ಇಲ್ಲದ ಮನೆಯ ತಿನಿಸಿಗೆ ಇಷ್ಟು ಯಾಕೆ ಎಂದು ನನ್ನ ನಾಲಿಗೆ ತುದಿಗೆ ಬಂದಿತ್ತು. ಬೇಯುವ ಹಿಟ್ಟಿನ ವಾಸನೆಯಲ್ಲಿ ನುಂಗಿಕೊಂಡೆ.

ಕ್ಯಾರಲ್ಲಿನ ದಿನ ಗುಂಪು ನಮ್ಮ ಓಣಿಗೆ ಬಂದಾಗ ನಾಲ್ಕು ಗಂಟೆ, ಇನ್ನೂ ಬಿಸಿಲಿತ್ತು. ಮುಂದೆ ಡೋಲಕಿಯ ಸಾಮುವೇಲಪ್ಪ, ಹಿಂದೆ ಹತ್ತು ಹನ್ನೆರಡು ಜನ. ಪ್ರತಿ ಬಾಗಿಲ ಮುಂದೆ ನಿಂತು "ಮನ್ಯಾಗ ಯಾರದಾರ್ರಿ?" ಎಂದು ಸಾಮುವೇಲಪ್ಪ ಕೂಗಬೇಕು. ಒಳಗಿನವರು ಹೆಸರು ಹೇಳಿ ಬಾಗಿಲು ತೆರೆಯಬೇಕು. ಹಾಗೆ ಪದ್ಧತಿ.

ಪ್ರೇಮದಾಸನ ಬಾಗಿಲು ತೆರೆಯಿತು. ಒಳಗೆ ಮಾರ್ಥಾಬಾಯಿ. "ಪ್ರೇಮದಾಸನ ಮನಿಯವರು ಅದೇವ್ರಿ, ಬರ್ರಿ," ಎಂದಳು. ಹಾಡು ಮುಗಿಯಿತು, ಚೂಡಾ ಹಂಚಿದಳು. ಅವರು ಮುಂದಿನ ಮನೆಗೆ ಬೀದಿಯಲ್ಲಿ ನಡೆಯುವಷ್ಟರಲ್ಲಿ ಆಕೆ ಹಿತ್ತಲ ಬಾಗಿಲಿಂದ ಓಡಿದಳು. ಚಾದ ಕಿಟಲಿ ಹಿಡಿದು ನಾನು ಹಿಂದೆ. ಬೇಲಿ ದಾಟುವಾಗ ಸೀರೆ ಪರ್ರೆಂದಿತು. ಆಕೆ ತಿರುಗಿ ನೋಡಲಿಲ್ಲ. ಲಲಿತಮ್ಮನ ಮನೆಯೊಳಗೆ ಉಸಿರು ಬಿಗಿಹಿಡಿದು, ಲಲಿತಮ್ಮನ ಹಾಗೆ ತಲೆ ತುಂಬ ಸೆರಗು ಹೊದ್ದು, ಆಕೆಯ ಹಾಗೆಯೇ ಸಣ್ಣ ದನಿ ತೆಗೆದು, "ಲಲಿತಮ್ಮನ ಮನ್ಯಾಗ ಎಲ್ಲಾ ಅರಾಮ ಅದಾರ್ರಿ, ಬರ್ರಿ," ಎಂದಳು. ನಾನು ನಗೆ ತಡೆಯಲಾಗದೆ ಬಾಗಿಲ ಹಿಂದೆ ಅಡಗಿದೆ. ಹಾಡುವವರಲ್ಲಿ ಒಬ್ಬರೂ ನಗಲಿಲ್ಲ. ಸಾಮುವೇಲಪ್ಪ, "ನಿಮ್ಮ ಕರ್ಚಿಕಾಯಿ ಈ ವರ್ಷನೂ ಭಾಳ ಚಲೋ ಆಗ್ಯಾವ ಲಲಿತಮ್ಮ," ಎಂದ. ಆಗ ನನ್ನ ನಗೆ ನಿಂತಿತು.

ಯಾಕೋಬಪ್ಪನ ಮನೆ, ರತ್ನಾಬಾಯಿಯ ಮನೆ ಹಾಗೆಯೇ ಆದವು. ಕೊನೆಗೆ ಸುನಂದಾಳ ಮನೆ. ಸೂರಿಗೆ ಗಾಳಿಪಟದ ಹಾಳೆಯ ನಕ್ಷತ್ರ ಕಟ್ಟಿದ್ದಳು, ಕಟ್ಟೆಯ ಮೇಲೆ ನಾನಖಟಾಯಿಯ ತಾಟು ಇಟ್ಟಿದ್ದಳು. ಬಾಗಿಲಿಗೆ ಕೀಲಿ. ಮಾರ್ಥಾಬಾಯಿ ಹೊರಗೆ, ಕೀಲಿಗೆ ಬೆನ್ನು ಹಚ್ಚಿ ನಿಂತಳು.

"ಮನ್ಯಾಗ ಯಾರದಾರ್ರಿ?"

ಆಕೆ ಸೆರಗಿನ ತುದಿಯಿಂದ ಬಾಗಿಲ ಚೌಕಟ್ಟು ಒರೆಸಿದಳು. ಸಾಮುವೇಲಪ್ಪ ಡೋಲಕಿಯ ಮೇಲೆ ಕೈ ಇಟ್ಟು ಕಾದ.

"ಯಾರೂ ಇಲ್ರಿ ಸಾಮುವೇಲಣ್ಣ," ಎಂದಳು. ಆ ದೊಡ್ಡ ದನಿ ಎಲ್ಲಿ ಹೋಗಿತ್ತೋ. "ನಾನೇ ಅವ್ರನ್ನ ಊರು ಬಿಟ್ಟು ಹೊಂಡಿಸೀನಿ. ಕೂಸಿಗಿ ಜುಲಾಬು ಹತ್ತಿತ್ತು. ಬಟ್ಟಿ ಒಗಿಲಿಕ್ಕ ಸುನಂದಾ ಎರಡು ಕೊಡ ನೀರು ಕೇಳಿದಳು. ಅವು ಸುಣ್ಣ ನೆನಸೂ ನೀರು, ಹಬ್ಬದವು, ಮುಟ್ಟಬ್ಯಾಡ ಅಂದೆ. ಒಂದು ಮಾತು ಆಡ್ಲಿಲ್ಲ ಆಕಿ. ಮೂರನೇ ದಿನ ಕೀಲಿ ಹಾಕ್ಕೊಂಡು ಹೋದಳು. ಕೀಲಿಕೈ ನನಗ ಕೊಡ್ಲಿಲ್ಲ." ಗೋಡೆಯ ಕಡೆ ಕೈ ತೋರಿಸಿದಳು. "ಆ ನೀರಿನ ಸುಣ್ಣಾನೇ ಇದು."

ಸಾಮುವೇಲಪ್ಪ ಡೋಲಕಿ ಎತ್ತಿಕೊಂಡು "ಹಾಡ್ರಪ್ಪಾ," ಎಂದ. ಹಾಡಿದರು. ಗುಂಪಿನಲ್ಲಿ ಹಬ್ಬಕ್ಕೆಂದು ಹೈದರಾಬಾದಿನಿಂದ ಬಂದ ಗೋಡೆ ಕಟ್ಟುವ ಒಬ್ಬ ಗೌಂಡಿ ಇದ್ದ. ಸುನಂದಾ ಇರುವ ಕಡೆಯೇ ಆತನ ಕೆಲಸ. ಆತನೇ ಮುಂದೆ ಬಂದು, "ನಾನಖಟಾಯಿ ಕಟ್ಟಿ ಕೊಡ್ರಿ, ಒಯ್ದು ಕೊಡ್ತೇನಿ," ಎಂದ. ಮಾರ್ಥಾಬಾಯಿ ತಾಟಿಗೆ ಕೈ ಹಾಕಿದವಳು ಹಿಂದೆ ತೆಗೆದಳು.

"ಬ್ಯಾಡಪ್ಪ. ತಿನಿಸು ಕಳಿಸಿದ್ರ ಲಂಚ ಆಗ್ತದ. ಈಗ ನಾ ಏನ್ ಅಂದೆ, ಅಷ್ಟೇ ಹೇಳು."

ಆ ಕ್ರಿಸ್ಮಸ್ಸಿಗೆ ಪ್ರೇಮದಾಸನವರು, ಲಲಿತಮ್ಮನವರು ಊರಿಗೆ ಬಂದರು. ಲಲಿತಮ್ಮ ತನ್ನ ಮನೆಯ ಬಿಳಿ ಗೋಡೆಗೆ ಕೆನ್ನೆ ಹಚ್ಚಿ ನಿಂತಿದ್ದನ್ನು ನಾನು ನೋಡಿದೆ. ಸುನಂದಾ ಬರಲಿಲ್ಲ. ಹೊಸ ವರ್ಷಕ್ಕೂ ಬರಲಿಲ್ಲ. ಪ್ರತಿ ಬೆಳಗಿನ ಗಾಡಿ ಬರುವ ಹೊತ್ತಿಗೆ ಮಾರ್ಥಾಬಾಯಿ ಕಸಬರಿಗೆ ಹಿಡಿದು ಅಂಗಳಕ್ಕೆ ಬರುವಳು, ಗುಡಿಸಿದ್ದನ್ನೇ ಗುಡಿಸುವಳು. ಡಬ್ಬಿಯಲ್ಲಿ ನಾಲ್ಕು ನಾನಖಟಾಯಿ ಎತ್ತಿಟ್ಟಿದ್ದಳು. ಫೆಬ್ರವರಿಯಲ್ಲಿ ಅವು ಮುಗ್ಗಿದವು, ಚೆಲ್ಲಿದಳು. ಆಮೇಲೆ ಅಂಗಳಕ್ಕೆ ಬರುವುದನ್ನೂ ಬಿಟ್ಟಳು. ಮನೆ ಹೇಗೆಂದರೆ ಹಾಗೆ ಬಿದ್ದಿರತೊಡಗಿತು. ನನಗೆ ಅದನ್ನು ನೋಡಲು ಆಗುತ್ತಿರಲಿಲ್ಲ.

ಬೇಸಿಗೆಯಲ್ಲಿ ನನಗೆ ಔರಾದ ತಾಲೂಕಿನ ಚಿಂತಾಕಿಗೆ ವರ್ಗವಾಯಿತು. ಅಲ್ಲಿಗೆ ಹೋದಮೇಲೆ ನಾನು ಮಾರ್ಥಾಬಾಯಿಯನ್ನು ಮತ್ತೆ ನೋಡಲಿಲ್ಲ. ಮರುವರ್ಷದ ಮಳೆಗಾಲದಲ್ಲಿ ಆಕೆ ತೀರಿಕೊಂಡ ಸುದ್ದಿ ನನಗೆ ಮುಟ್ಟಿದಾಗ ಮಣ್ಣು ಮಾಡಿ ವಾರವಾಗಿತ್ತು. ಆದ್ದರಿಂದ ನಾನು ಭಾಲ್ಕಿ ಬಿಟ್ಟ ಆ ಬೆಳಗೇ ನಮ್ಮ ಕೊನೆಯ ಭೇಟಿ.

ಹಾಸಿಗೆ ಕಟ್ಟುತ್ತಿದ್ದೆ. ಮಾರ್ಥಾಬಾಯಿ ಎಣ್ಣೆ ಕಾಣದ ತಲೆಯಲ್ಲಿ, ತೇಪೆ ಹಾಕಿದ ಸೀರೆ ಉಟ್ಟು, ಅಂಗಳದಲ್ಲಿ ಮೊರ ಹಿಡಿದು ಕೆಂಪು ಜೋಳದ ಹರಳು ಆರಿಸುತ್ತಿದ್ದಳು. ಒಲೆಗೆ ಇನ್ನೂ ಬೆಂಕಿ ಬಿದ್ದಿರಲಿಲ್ಲ. ನೆರಳು ಬಿದ್ದಿತೆಂದು ತಲೆ ಎತ್ತಿದಳು. ಸುನಂದಾ ನಿಂತಿದ್ದಳು, ಬಗಲಲ್ಲಿ ಕೂಸು. ಕೂಸು ದುಂಡಗೆ ಆಗಿತ್ತು.

ಮಾರ್ಥಾಬಾಯಿ ಎದ್ದಳು. ಮೊರ ಎಲ್ಲಿಡಬೇಕೆಂದು ತಿಳಿಯದೆ ಎದೆಗೆ ಹಿಡಿದುಕೊಂಡಳು. ಸುತ್ತ ನೋಡಿದಳು. ಗುಡಿಸದ ಅಂಗಳ, ಬೋರಲು ಬಿದ್ದ ಕೊಡ, ತೆರೆದ ಬಾಗಿಲಲ್ಲಿ ಕಾಣುವ ಖಾಲಿ ಡಬ್ಬಿಗಳು. ಆಕೆಯ ಮುಖಕ್ಕೆ ಬಂದಂಥ ನಾಚಿಕೆಯನ್ನು ನಾನು ಇನ್ನೊಬ್ಬರ ಮುಖದಲ್ಲಿ ನೋಡಿಲ್ಲ.

"ಒಂದು ಚಿಟ್ಟಿ ಹಾಕಬಾರದೇನ ಸುನಂದಾ," ಎಂದಳು. ಕಣ್ಣೀರು ಸುರಿಯುತ್ತಿತ್ತು. "ಮನ್ಯಾಗ ಏನೂ ಇಲ್ಲವ. ಕಸ ಸುದ್ದಾ ಹೊಡದಿಲ್ಲ ನೋಡು."

"ಚಿಟ್ಟಿ ಹಾಕಿದ್ರ ನೀ ತಯಾರಿ ಮಾಡ್ತಿದ್ದಿ ಅಕ್ಕಾ," ಎಂದಳು ಸುನಂದಾ. "ಅದಕ್ಕೇ ಹಾಕ್ಲಿಲ್ಲ."

ಮೊರವನ್ನು ಆಕೆಯ ಕೈಯಿಂದ ತೆಗೆದು ಕೆಳಗಿಟ್ಟು, ಆ ಜಾಗಕ್ಕೆ ಕೂಸನ್ನು ಕೊಟ್ಟಳು. ನನ್ನ ಬಸ್ಸಿನ ಹೊತ್ತಾಗಿತ್ತು. ನಾನು ಹಾಸಿಗೆಯ ಗಂಟಿನ ಮೇಲೆ ಕೂತೇ ಇದ್ದೆ.

"ನಿನ್ನಿ ರೊಟ್ಟಿ ಎರಡು ಅದಾವ," ಎಂದಳು ಮಾರ್ಥಾಬಾಯಿ ಕೊನೆಗೆ, ಕೂಸಿನ ನೆತ್ತಿಗೆ ಬಾಯಿ ಹಚ್ಚಿ. "ಸೆಟದಾವ. ಹಚ್ಕೊಳ್ಳಿಕ್ಕ ಖಾರ ಬಿಟ್ರ ಏನೂ ಇಲ್ಲ."

"ನಡೀತದ," ಎಂದು ಸುನಂದಾ ಗುಡಿಸದ ನೆಲದ ಮೇಲೆ ಕೂತಳು. "ಹಾಕು."