ಬೆಟ್ಟವಿಲ್ಲದ ದೇಶದಲ್ಲಿ ಮೌಂಟನ್ ಬೈಕ್

ಇದನ್ನು ಬರೆಯಲು ಕುಳಿತದ್ದು 1998ರ ಮಾರ್ಚ್ 6, ಶುಕ್ರವಾರ, ಬೆಳಗ್ಗೆ ಆರೂ ಹತ್ತಕ್ಕೆ. ಬಾಲ್ಕನಿಯಲ್ಲಿ ಸೈಕಲ್ಲಿನ ಪೆಡಲ್ ಬಿಚ್ಚಿ ಒರೆಸುತ್ತಿದ್ದೆ. ಒಳಗಿನಿಂದ ಒಣಗಿದ ಬೂದು ಮಣ್ಣು ಉದುರಿತು. ಮೂಸಿದೆ. ಉಪ್ಪು, ಸ್ವಲ್ಪ ಕೊಳೆತ ಪಾಚಿ. ಒರೆಸುವ ಬಟ್ಟೆ ಬದಿಗಿಟ್ಟು ಒಳಗೆ ಬಂದೆ.

ಅಂಗಡಿಯವನು ಇದನ್ನು ಮೌಂಟನ್ ಬೈಕ್ ಎಂದು ಮಾರಿದ್ದ. ಕತಾರಿನಲ್ಲಿ ಬೆಟ್ಟವಿಲ್ಲ. ಆ ಕಾರಣಕ್ಕೆ ರಿಯಾಯಿತಿಯನ್ನೇನೂ ಕೊಡಲಿಲ್ಲ. ಶುಕ್ರವಾರಗಳಲ್ಲಿ ನಾನು ಅಲ್ ರಯ್ಯಾನಿನ ಆಚೆ, ತೋಟದ ಬೇಲಿಗಳ ನಡುವಿನ ಕಲ್ಲುಹಾದಿಯಲ್ಲಿ ತುಳಿದು ಬಂದು, ಎಷ್ಟು ದೂರ, ಎಷ್ಟು ಪಂಕ್ಚರ್, ಎಷ್ಟು ನಾಯಿ ಎಂದು ಬರೆದಿಡುತ್ತಿದ್ದೆ. ನಿಮಗೆ ನಗು ಬಂದರೆ ಬರಲಿ. ನಾಯಿಗಳ ಲೆಕ್ಕ ಮುಂದೆ ಉಪಯೋಗಕ್ಕೆ ಬಂದೀತು ಎಂದು ನಂಬಿದ್ದ ವಯಸ್ಸು ಅದು.

ಬಿನ್ ಮಹಮೂದ್ ಬಡಾವಣೆಯ ನಮ್ಮ ಕೋಣೆಯಲ್ಲಿ ಆಗ ಹಮೀದಾಕ ಇದ್ದರು. ಉಳ್ಳಾಲದ ಕಡೆಯ ಬ್ಯಾರಿ, ನಲವತ್ತೈದರ ಆಸುಪಾಸು. ನಜ್ಮಾ ಪೇಟೆಯ ಬಟ್ಟೆಯಂಗಡಿಯೊಂದರ ಪಿಕಪ್ ಓಡಿಸುತ್ತಿದ್ದರು. ಸೈಕಲ್ ಮಾತ್ರ ಬರುತ್ತಿರಲಿಲ್ಲ. ಅವರು ರಜೆಗೆ ಊರಿಗೆ ಹೊರಡಲು ಒಂದು ತಿಂಗಳಿರುವಾಗ, ತನಗೆ ಸೈಕಲ್ ಕಲಿಸಬೇಕು, ಅದೂ ಯಾರೂ ಕಾಣದ ಕಡೆ, ಎಂದು ಕೇಳಿಕೊಂಡರು.

"ಮಗಳು ಫೋನಲ್ಲಿ ಸೈಕಲ್ ಕಲಿತೆ ಅಂದಳು. ನನಗೂ ಬರ್ತದೆ ಅಂತ ಬಾಯಲ್ಲಿ ಬಂದುಹೋಯ್ತು ಮಾರಾಯ. ಈಗ ಅವಳು ಕ್ಲಾಸಲ್ಲಿ ಎಲ್ಲರಿಗೂ ಹೇಳಿಯಾಗಿದೆ, ಅಪ್ಪ ಬಂದ್ರೆ ಶಾಲೆಗೆ ಒಟ್ಟಿಗೆ ಸೈಕಲಲ್ಲಿ ಹೋಗುದು ಅಂತ."

ಮಗಳಿಗೆ ಹನ್ನೊಂದು ವರ್ಷ. ಹಮೀದಾಕ ಅವಳನ್ನು ಕಂಡದ್ದು ನಾಲ್ಕು ರಜೆಗಳಲ್ಲಿ.

ಮೊದಲ ಶುಕ್ರವಾರ ಕಲ್ಲುಹಾದಿಯಲ್ಲಿ ಒಂಬತ್ತು ಸಲ ಬಿದ್ದರು. ಎರಡನೆಯ ಶುಕ್ರವಾರ ಹನ್ನೆರಡು. ನಾನು ಕಲಿಸುವ ರೀತಿಯ ಬಗ್ಗೆ ಇದು ಏನು ಹೇಳುತ್ತದೆಂದು ವಿಚಾರಿಸಲು ಹೋಗಲಿಲ್ಲ. ಮೊಣಕಾಲಾದರೂ ಉಳಿಯಲಿ ಎಂದು ಮೂರನೆಯ ವಾರ ಅವರು ಪಿಕಪ್ಪನ್ನು ಕಡಲ ಕಡೆಗೆ ತಿರುಗಿಸಿದರು.

ನಾವಿಬ್ಬರೂ ಕಡಲ ಬದಿಯಲ್ಲಿ ಬೆಳೆದವರು. ಒಣ ಮರಳಿನಲ್ಲಿ ಸೈಕಲ್ ಹೂತುಹೋಗುತ್ತದೆ. ನೀರು ಇಳಿದ ಮೇಲೆ ಕಪ್ಪಗೆ ತೇವವಾಗಿ ಉಳಿಯುವ ಪಟ್ಟಿ ಸಿಮೆಂಟಿನಷ್ಟು ಗಟ್ಟಿ. ಊರಿನಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಿಲ್ಲ. ಹಾದಿ ಮುಗಿದಲ್ಲಿ ಅಂಥದೇ ಕಪ್ಪು ನೆಲ ಕಣ್ಣು ಮುಟ್ಟುವವರೆಗೆ ಹಾಸಿಕೊಂಡಿತ್ತು. ಇಬ್ಬರೂ ಒಟ್ಟಿಗೇ ಕೈ ತೋರಿಸಿದೆವು.

ಅದನ್ನು ಇಲ್ಲಿಯವರು ಸಬ್ಖಾ ಎನ್ನುತ್ತಾರೆಂದು ಆಮೇಲೆ ತಿಳಿಯಿತು. ಮೇಲೆ ಹಪ್ಪಳದಂಥ ಉಪ್ಪಿನ ಪದರ, ಕೆಳಗೆ ಕೆಸರು. ನಾನು ಹಿಂದಿನಿಂದ ದೂಡಿ ಕೈಬಿಟ್ಟೆ. ಹಮೀದಾಕ ಸ್ವಲ್ಪ ದೂರ ಹೋದರು. ಹಪ್ಪಳ ಮುರಿದ ಸದ್ದೇ ಆಯಿತು. ಎರಡೂ ಚಕ್ರಗಳು ಅರ್ಧದವರೆಗೆ ಇಳಿದು ನಿಂತುಬಿಟ್ಟವು. ಅವರು ಸೀಟಿನ ಮೇಲೇ ಇದ್ದರು, ನೆಟ್ಟಗೆ.

"ನೋಡು, ಬೀಳಲಿಲ್ಲ," ಎಂದರು.

ಬಿಡಿಸಲು ಹೋದ ನಾನು ಮೊಣಕಾಲವರೆಗೆ ಹೂತೆ. ಅವರಿಗೆ ಇಳಿಯುವ ಅವಸರ ಕಾಣಲಿಲ್ಲ. ಸೀಟಿನಲ್ಲಿ ಕೂತು ಆ ಕಡೆ ಈ ಕಡೆ ನೋಡುವುದು ಹೇಗಿರುತ್ತದೆಂದು ಅವರಿಗೆ ಅದುವರೆಗೆ ಗೊತ್ತಿರಲಿಲ್ಲ. ಬಿಗಿದಿದ್ದ ಭುಜ ಅಲ್ಲಿಯೇ ಸಡಿಲವಾಯಿತು. ಮುಂದಿನ ಶುಕ್ರವಾರ ಕಲ್ಲುಹಾದಿಯಲ್ಲಿ ಒಂದು ತೋಟದ ಗೇಟಿನಿಂದ ಇನ್ನೊಂದರವರೆಗೆ ಬೀಳದೆ ಹೋದರು; ನಿಲ್ಲಿಸಲು ಬಾರದೆ ಮೂರನೆಯದಕ್ಕೂ ಹೋದರು.

ಮರುದಿನವೇ ವಿಮಾನ. ಏರ್‌ಪೋರ್ಟಿನ ಬಾಗಿಲಲ್ಲಿ ನಿಂತು, "ತಿರುವು ಬಂದ್ರೆ ಏನು ಮಾಡುದು?" ಎಂದು ಕೇಳಿದರು. ನಾವು ಕಲಿತದ್ದೆಲ್ಲ ನೇರ ಹಾದಿ.

"ಮಗಳ ಹಿಂದೆ ಹೋಗಿ ಹಮೀದಾಕ. ಅವಳು ತಿರುಗಿದ ಹಾಗೆ ತಿರುಗುದು," ಎಂದೆ.

ಅವರು ಮರಳಿ ಬರಲಿಲ್ಲ. ಅಂಗಡಿಯವರು ಬೇರೆ ಡ್ರೈವರನ್ನು ಇಟ್ಟುಕೊಂಡರು. ಅವರ ಊರಿನ ವಿಳಾಸ ನನ್ನ ಬಳಿ ಇಲ್ಲ; ಪಕ್ಕದ ಮಂಚದಲ್ಲಿ ಮಲಗುವವರ ವಿಳಾಸವನ್ನು ಯಾರು ಕೇಳುತ್ತಾರೆ? ಇಷ್ಟು ದಿನ ಅದೊಂದು ಮುಗಿದ ಪಾಠವೆಂದುಕೊಂಡಿದ್ದೆ. ಬರೆಯುತ್ತ ಕುಳಿತರೆ ಹಾಗನ್ನಿಸುತ್ತಿಲ್ಲ. ಉಳ್ಳಾಲದ ಆಚೀಚೆ, ಬೆಳಗ್ಗೆ ಶಾಲೆಯ ಹೊತ್ತಿಗೆ, ಹುಡುಗಿಯೊಬ್ಬಳ ಹಿಂದೆ ಸೈಕಲ್ ತುಳಿಯುವ ಹಿರಿಯರನ್ನು ನಿಮ್ಮಲ್ಲಿ ಯಾರಾದರೂ ಕಂಡಿದ್ದರೆ, ಈ ಸಂಚಿಕೆಯ ಸಂಪಾದಕರಿಗೆ ಒಂದು ಸಾಲು ಬರೆಯಿರಿ. ಬಿದ್ದದ್ದನ್ನು ಕಂಡಿದ್ದರೂ ಬರೆಯಿರಿ.